ಚಳಿಗಾಲದಲ್ಲಿ ಮನೆಯೊಳಗೆ ಬೋನ್ಸಾಯ್: ಉಷ್ಣವಲಯದ ಮರಗಳನ್ನು ಉಳಿಸಿಕೊಳ್ಳುವ ಬಗೆ

ಚಳಿ ಶುರುವಾಗುತ್ತಿದ್ದಂತೆ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಬೋನ್ಸಾಯ್ ಗಿಡ ಒಳಗೆ ತಂದಿಟ್ಟೆ. ಎಲೆ ಹಳದಿಯಾಗಿ ಉದುರುತ್ತಿದೆ. ನೀರು ಸಾಲುತ್ತಿಲ್ಲ ಅನಿಸುತ್ತೆ, ಇನ್ನೂ ಸ್ವಲ್ಪ ಜಾಸ್ತಿ ಹಾಕಲಾ?"

ದಯವಿಟ್ಟು ಹಾಕಬೇಡಿ.

ಒಳಗೆ ಬಂದ ಮೇಲೆ ಗಿಡಕ್ಕೆ ಚಳಿಯ ಕಾಟ ಅಷ್ಟಿರುವುದಿಲ್ಲ. ಕೊರತೆ ಬೀಳುವುದು ಬೆಳಕಿಗೆ. ಬೆಳಕು ಕಡಿಮೆಯಾದರೆ ಎಲೆಯ ಕೆಲಸ ನಿಧಾನವಾಗುತ್ತದೆ, ಬೇರು ನೀರು ಎಳೆಯುವುದೂ ಕಡಿಮೆಯಾಗುತ್ತದೆ. ನಾವು ಮಾತ್ರ ಬೇಸಿಗೆಯ ಲೆಕ್ಕದಲ್ಲೇ ನೀರು ಸುರಿಯುತ್ತಿರುತ್ತೇವೆ. ಮಣ್ಣು ಸದಾ ಒದ್ದೆಯಾಗಿ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದ ಹಾಗೇ ಬಾಡುತ್ತದೆ. ಬಾಡಿತಲ್ಲ ಅಂತ ಮತ್ತೆ ನೀರು. ಚಳಿಗಾಲದಲ್ಲಿ ಒಳಗಿಟ್ಟ ಮರಗಳು ಹೋಗುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ಇಲ್ಲಿ ಬೆಳಕು ಮತ್ತು ನೀರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ.

ಮೊದಲು, ನಿಮ್ಮ ಮರ ಯಾವುದು?

ಈ ಲೇಖನ ಉಷ್ಣವಲಯದ ಮರಗಳಿಗೆ ಮಾತ್ರ. ಅಂದರೆ ವರ್ಷವಿಡೀ ಬೆಚ್ಚಗಿರುವ ಕಡೆಯಿಂದ ಬಂದ, ಹಿಮ ತಡೆಯದ ಜಾತಿಗಳು. ಜೂನಿಪರ್, ಪೈನ್, ಮೇಪಲ್ ನಿಮ್ಮ ಹತ್ತಿರ ಇದ್ದರೆ ಅವನ್ನು ಬೆಚ್ಚಗಿನ ಕೋಣೆಗೆ ತರಲೇಬೇಡಿ. ಅವಕ್ಕೆ ಚಳಿಗಾಲದ ನಿದ್ದೆ ಬೇಕು. ತಿಂಗಳುಗಟ್ಟಲೆ ತಣ್ಣಗಿದ್ದು ಬೆಳವಣಿಗೆ ನಿಲ್ಲಿಸುವ ಈ ಸ್ಥಿತಿಗೆ ಸುಪ್ತಾವಸ್ಥೆ ಅನ್ನುತ್ತಾರೆ. ಅದು ಸಿಗದಿದ್ದರೆ ಮರ ಸೊರಗುತ್ತಾ ಹೋಗಿ ಕೊನೆಗೆ ಸಾಯುತ್ತದೆ. ಅಂಗಡಿಯಲ್ಲಿ 'ಒಳಾಂಗಣ ಬೋನ್ಸಾಯ್' ಎಂಬ ಚೀಟಿ ಅಂಟಿಸಿ ಜೂನಿಪರ್ ಮಾರುವುದುಂಟು. ಚೀಟಿ ನಂಬಬೇಡಿ, ಮರದ ಜಾತಿ ನೋಡಿ.

ಒಳಗೆ ಇಡಲು ಎಲ್ಲಕ್ಕಿಂತ ಸುಲಭ ಫೈಕಸ್. ಆಲ, ಅರಳಿ, ಅತ್ತಿ ಎಲ್ಲ ಈ ಕುಲದವೇ. ಬೋನ್ಸಾಯ್‌ಗೆ ಹೆಚ್ಚು ಬಳಕೆಯಲ್ಲಿರುವುದು ಫೈಕಸ್ ಮೈಕ್ರೊಕಾರ್ಪಾ. ಬುಡ ದಪ್ಪಗೆ ಉಬ್ಬಿರುವ 'ಜಿನ್ಸೆಂಗ್ ಫೈಕಸ್' ಕೂಡ ಇದೇ. ಸಪೂರ ಎಲೆಯ ಫೈಕಸ್ ಸ್ಯಾಲಿಸೇರಿಯಾ ಇನ್ನೂ ಚೆಂದ. ಶೆಫ್ಲೆರಾ, ಕುಬ್ಜ ಜೇಡ್ ಸಹ ತಾಳಿಕೊಳ್ಳುವ ಜಾತಿಗಳು. ಬೋಗನ್‌ವಿಲ್ಲಾಗೆ ಬೆಳಕು ಸಾಲದಿದ್ದರೆ ಎಲೆ ಉದುರಿಸಿ ಸುಮ್ನೆ ಕೂರುತ್ತದೆ. ಫುಕಿಯನ್ ಟೀ ಮತ್ತು ಸೆರಿಸ್ಸಾ ನೋಡಲು ಮುದ್ದಾಗಿವೆ, ಅಂಗಡಿಗಳಲ್ಲೂ ಎಲ್ಲೆಲ್ಲೂ ಸಿಗುತ್ತವೆ, ಆದರೆ ಜಾಗ ಬದಲಿಸಿದರೂ ಮುನಿಸು, ನೀರು ಒಂಚೂರು ಹೆಚ್ಚುಕಡಿಮೆಯಾದರೂ ಮುನಿಸು. ಇದು ನಿಮ್ಮ ಮೊದಲ ಚಳಿಗಾಲವಾದರೆ ಫೈಕಸ್ ತಗೊಳ್ಳಿ ಅನ್ನುವುದೇ ನನ್ನ ಸಲಹೆ. ಚೈನೀಸ್ ಎಲ್ಮ್ ಎರಡರ ನಡುವಿನದು. ಒಳಗೂ ಇರುತ್ತದೆ, ಆದರೆ ತಣ್ಣಗಿನ ಕೋಣೆ ಅದಕ್ಕೆ ಹೆಚ್ಚು ಹಿತ.

ಬೇಕಾಗುವ ಸಾಮಾನು

ಟೈಮರ್ ಇರುವ ಒಂದು ಎಲ್‌ಇಡಿ ಗ್ರೋ ಲೈಟ್, ತೇವಾಂಶ ಮತ್ತು ಉಷ್ಣತೆ ಎರಡನ್ನೂ ತೋರಿಸುವ ಚಿಕ್ಕ ಮೀಟರ್, ಕುಂಡದ ಅಡಿಗೆ ತಟ್ಟೆ, ಬಣ್ಣ ಬಳಿಯದ ಒಂದು ಸಪೂರ ಮರದ ಕಡ್ಡಿ, ಭೂತಗನ್ನಡಿ, ಬೇವಿನ ಎಣ್ಣೆ ಅಥವಾ ಕೀಟನಾಶಕ ಸೋಪು. ಇವುಗಳಲ್ಲಿ ಒಂದೇ ಒಂದಕ್ಕೆ ದುಡ್ಡು ಹಾಕಲು ಸಾಧ್ಯ ಅಂದರೆ ದೀಪಕ್ಕೆ ಹಾಕಿ.

ಹಂತ 1: ಸರಿಯಾದ ಹೊತ್ತಿಗೆ ಒಳಗೆ ತನ್ನಿ

ಹಗಲು ಎಷ್ಟೇ ಬೆಚ್ಚಗಿರಲಿ, ನೋಡಬೇಕಾದದ್ದು ರಾತ್ರಿಯ ಉಷ್ಣತೆ. ರಾತ್ರಿ 12 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿಯಲು ಶುರುವಾದರೆ ಗಿಡ ಒಳಗೆ ಬರಬೇಕು. 10ಕ್ಕಿಂತ ಕೆಳಗೆ ಹೋದರೆ ಹಲವು ಜಾತಿಗಳು ಬೆಳವಣಿಗೆ ನಿಲ್ಲಿಸುತ್ತವೆ, ಎಲೆ ಉದುರಿಸಲು ತೊಡಗುತ್ತವೆ. ಒಂದೇ ಒಂದು ರಾತ್ರಿಯ ಹಿಮ ಸಾಕು, ಎಲೆಯೆಲ್ಲ ಕಪ್ಪಗಾಗಿ ಜೋತುಬೀಳಲು.

ಸ್ವಲ್ಪ ಮುಂಚೆ ತರುವುದರಲ್ಲಿ ಇನ್ನೊಂದು ಲಾಭವಿದೆ. ಹೀಟರ್ ಹಾಕುವ ಮೊದಲೇ ಗಿಡ ಒಳಗಿದ್ದರೆ, ಬೆಳಕಿನ ಬದಲಾವಣೆ ಒಮ್ಮೆ, ಒಣಗಾಳಿಯ ಹೊಡೆತ ಇನ್ನೊಮ್ಮೆ ಎಂದು ಬಿಡಿಬಿಡಿಯಾಗಿ ಬರುತ್ತವೆ. ಎರಡೂ ಒಂದೇ ದಿನ ಬಿದ್ದರೆ ಗಿಡ ತಡೆಯುವುದು ಕಷ್ಟ.

ಹಂತ 2: ತೊಳೆದು, ತಪಾಸಣೆ ಮಾಡಿ ಒಳಗೆ ಬಿಡಿ

ಹೊರಗೆ ಒಂದೆರಡು ಹುಳ ಇದ್ದರೆ ಮಳೆ, ಗಾಳಿ, ಜೇಡ, ಗುಲಗಂಜಿ ಹುಳ ನೋಡಿಕೊಳ್ಳುತ್ತವೆ. ಒಳಗೆ ಆ ಕಾವಲು ಇಲ್ಲ. ಹಾಗಾಗಿ ಬಾಗಿಲು ದಾಟುವ ಮೊದಲೇ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಮಣ್ಣು ಕೊಚ್ಚಿಹೋಗದಂತೆ ಕುಂಡವನ್ನು ಪ್ಲಾಸ್ಟಿಕ್ ಚೀಲದಿಂದ ಸುತ್ತಿ, ಗಿಡವನ್ನು ಓರೆಯಾಗಿ ಹಿಡಿದರೆ ಸುಲಭ. ಮಣ್ಣಿನ ಮೇಲೆ ಬಿದ್ದ ಒಣ ಎಲೆ, ಪಾಚಿ, ಕಸ ತೆಗೆಯಿರಿ. ಕುಂಡದ ಅಡಿಯ ತೂತು ನೋಡುವುದನ್ನು ಮರೆಯಬೇಡಿ. ಬೇರು ತುಂಬಿ ಮುಚ್ಚಿಹೋಗಿದ್ದರೆ ಕಡ್ಡಿಯಿಂದ ಬಿಡಿಸಿ.

ಅಂಗಡಿಯಿಂದ ಹೊಸದಾಗಿ ತಂದ ಗಿಡವಾದರೆ ಮಣ್ಣಿನ ಮೇಲೆ ಅಂಟು ಹಾಕಿ ಕೂರಿಸಿದ ಕಲ್ಲುಗಳಿವೆಯೇ ನೋಡಿ. ಸಾಗಿಸುವಾಗ ಮಣ್ಣು ಚೆಲ್ಲದಿರಲಿ ಅಂತ ಮಾಡುವ ಉಪಾಯವದು. ಮನೆಗೆ ಬಂದ ಮೇಲೆ ಅದರಿಂದ ಕೆಡುಕೇ. ನೀರು ಒಳಗಿಳಿಯುವುದಿಲ್ಲ, ಮಣ್ಣು ಒಣಗಿದೆಯೋ ಇಲ್ಲವೋ ಕಾಣುವುದೂ ಇಲ್ಲ. ನೆನೆಸಿ, ಮೆಲ್ಲಗೆ ಎಬ್ಬಿಸಿ ತೆಗೆದುಬಿಡಿ.

ಹಂತ 3: ಜಾಗ ಆರಿಸಿ

ಉತ್ತರ ಗೋಳಾರ್ಧದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿಯೇ ಉತ್ತಮ. ದಕ್ಷಿಣ ಗೋಳಾರ್ಧದಲ್ಲಿ ಇದ್ದರೆ ಉತ್ತರದ ಕಿಟಕಿ. ಅದಿಲ್ಲದಿದ್ದರೆ ಪೂರ್ವ ಅಥವಾ ಪಶ್ಚಿಮ. ಗಿಡ ಕಿಟಕಿಗೆ ಅಂಟಿಕೊಂಡಂತೆಯೇ ಇರಬೇಕು, ಆದರೆ ಎಲೆ ಗಾಜಿಗೆ ತಾಗಬಾರದು. ಹೊರಗೆ ಹಿಮ ಬೀಳುವಾಗ ಗಾಜಿಗೆ ತಾಗಿದ ಎಲೆ ಸುಟ್ಟಂತಾಗುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ನಮಗೇ ಮೋಸ ಮಾಡುತ್ತದೆ. ಬೇಸಿಗೆಯ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ. ಸಂಜೆ ದೀಪ ಹಾಕಿದ ಕೋಣೆಯಲ್ಲಿ ಇರುವುದು ಕೆಲವು ನೂರು ಲಕ್ಸ್ ಅಷ್ಟೇ. ಕಣ್ಣಿಗೆ ಎರಡೂ ಬೆಳಕೇ, ಏಕೆಂದರೆ ಅದು ಹೊಂದಿಕೊಳ್ಳುತ್ತದೆ. ಎಲೆ ಹಾಗೆ ಹೊಂದಿಕೊಳ್ಳಲಾರದು. ಕಿಟಕಿಯಿಂದ ಎರಡು ಮೀಟರ್ ಒಳಗೆ ಬಂದರೆ ಬೆಳಕು ಕಿಟಕಿಯ ಬಳಿ ಇದ್ದದ್ದರ ಒಂದು ಸಣ್ಣ ಪಾಲಿಗೆ ಇಳಿದಿರುತ್ತದೆ. ನಂಬಿಕೆ ಬರದಿದ್ದರೆ ಮೊಬೈಲಿನಲ್ಲಿ ಒಂದು ಲಕ್ಸ್ ಮೀಟರ್ ಆಪ್ ಹಾಕಿಕೊಂಡು ಕಿಟಕಿಯ ಹತ್ತಿರ ಒಮ್ಮೆ, ಸೋಫಾ ಪಕ್ಕ ಒಮ್ಮೆ ಹಿಡಿದು ನೋಡಿ. ಅಂಕಿ ಕರಾರುವಾಕ್ಕಾಗಿ ಇರದಿದ್ದರೂ ಎರಡರ ನಡುವಿನ ಅಂತರ ಗೊತ್ತಾಗುತ್ತದೆ. ಟೀಪಾಯಿ ಮೇಲೆ ಬೋನ್ಸಾಯ್ ಇಟ್ಟ ಚಿತ್ರಗಳೆಲ್ಲ ಫೋಟೋ ತೆಗೆಯುವ ಹೊತ್ತಿಗಷ್ಟೇ.

ತಪ್ಪಿಸಬೇಕಾದ ಜಾಗಗಳು: ಹೀಟರ್ ಅಥವಾ ರೇಡಿಯೇಟರ್ ಮೇಲೆ, ಬಿಸಿಗಾಳಿ ಬರುವ ಕಿಂಡಿಯ ಎದುರು, ಆಗಾಗ ತೆರೆಯುವ ಹೊರಬಾಗಿಲ ಪಕ್ಕ. ಒಮ್ಮೆ ಇಟ್ಟ ಮೇಲೆ ದಿನಕ್ಕೊಂದು ಕಡೆ ತಿರುಗಾಡಿಸಬೇಡಿ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಎಲ್ಲ ಬದಿಗೂ ಬೆಳಕು ಸಿಗುತ್ತದೆ.

ಹಂತ 4: ದೀಪ ಹಾಕಿ

ಚಳಿಗಾಲದ ಹಗಲು ಗಿಡ್ಡ, ಅದರಲ್ಲೂ ಮೋಡ. ಒಳ್ಳೆಯ ಕಿಟಕಿ ಇದ್ದರೂ ದೀಪ ಇದ್ದರೆ ಗಿಡ ಸುಮ್ನೆ ಬದುಕಿರುವ ಬದಲು ಬೆಳೆಯುತ್ತದೆ.

ನೇರಳೆ-ಗುಲಾಬಿ ಬಣ್ಣದ ದೀಪವೇ ಆಗಬೇಕೆಂದಿಲ್ಲ. 4000ದಿಂದ 6500 ಕೆಲ್ವಿನ್‌ವರೆಗಿನ ಬಿಳಿ ಎಲ್‌ಇಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೆಲ್ವಿನ್ ಅಂದರೆ ಇಲ್ಲಿ ದೀಪದ ಬಣ್ಣದ ಅಳತೆ. ಅಂಕಿ ಹೆಚ್ಚಾದಷ್ಟೂ ಹಳದಿ ಕಡಿಮೆಯಾಗಿ ನೀಲಿ ಹೆಚ್ಚುತ್ತದೆ. ಬಿಳಿ ಬೆಳಕಿನಲ್ಲಿ ಎಲೆಯ ನಿಜ ಬಣ್ಣವೂ ಕಾಣುತ್ತದೆ, ರೋಗ ಬೇಗ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಯ ಮೇಲೆ 'ಇಷ್ಟು ವ್ಯಾಟ್‌ಗೆ ಸಮ' ಎಂದು ದೊಡ್ಡದಾಗಿ ಬರೆದಿರುವುದನ್ನು ಬಿಟ್ಟುಬಿಡಿ. ದೀಪ ನಿಜಕ್ಕೂ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಚಿಕ್ಕ ಅಕ್ಷರದಲ್ಲಿ ಇರುತ್ತದೆ, ಅದನ್ನು ನೋಡಿ.

ಒಳ್ಳೆಯ ದೀಪಗಳ ವಿವರದಲ್ಲಿ ಪಿಪಿಎಫ್‌ಡಿ ಎಂಬ ಅಂಕಿ ಕೊಟ್ಟಿರುತ್ತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಕೆಂಡಿಗೆ ಬೀಳುವ, ಗಿಡಕ್ಕೆ ಉಪಯೋಗವಾಗುವ ಬೆಳಕಿನ ಕಣಗಳ ಲೆಕ್ಕವದು, ಮೈಕ್ರೊಮೋಲ್‌ಗಳಲ್ಲಿ. ಗಿಡದ ತುದಿಯ ಎತ್ತರದಲ್ಲಿ 200ರ ಸುಮಾರಿಗೆ ಇದ್ದು ದೀಪ ದಿನಕ್ಕೆ 14 ಗಂಟೆ ಉರಿದರೆ ಒಟ್ಟು 10 ಮೋಲ್ ಬೆಳಕು ಸಿಕ್ಕಂತಾಯಿತು. ಫೈಕಸ್‌ಗೆ ಇದು ಧಾರಾಳ. ಈ ಲೆಕ್ಕವೆಲ್ಲ ತಲೆನೋವು ಅನಿಸಿದರೆ ಸರಳ ದಾರಿ: ದೀಪವನ್ನು ಗಿಡದ ತುದಿಯಿಂದ 20-30 ಸೆಂಟಿಮೀಟರ್ ಮೇಲೆ ಕಟ್ಟಿ, ಟೈಮರ್‌ಗೆ 14 ಗಂಟೆ ಕೊಡಿ. ಅಂಗೈಯನ್ನು ಗಿಡದ ತುದಿಯ ಮಟ್ಟದಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ. ಬಿಸಿ ತಟ್ಟಿದರೆ ದೀಪ ಮೇಲೆತ್ತಿ.

ಆಮೇಲೆ ಗಿಡವೇ ಹೇಳುತ್ತದೆ. ಹೊಸ ಚಿಗುರಿನಲ್ಲಿ ಒಂದು ಗೆಣ್ಣಿಗೂ ಮುಂದಿನ ಗೆಣ್ಣಿಗೂ, ಅಂದರೆ ಎಲೆ ಹೊರಡುವ ಗಂಟುಗಳ ನಡುವೆ, ಎಷ್ಟು ಅಂತರ ಇದೆ ನೋಡಿ. ಬೇಸಿಗೆಯಲ್ಲಿ ಬೆರಳಿನ ಅಗಲದಷ್ಟಿದ್ದದ್ದು ಈಗ ಎರಡು ಮೂರು ಪಟ್ಟು ಉದ್ದವಾಗಿ, ಎಲೆ ದೊಡ್ಡದಾಗಿ, ತೆಳ್ಳಗಾಗಿ, ಕಿಟಕಿಯ ಕಡೆ ವಾಲಿದ್ದರೆ ಬೆಳಕು ಸಾಲುತ್ತಿಲ್ಲ. ದೀಪ ಇಳಿಸಿ ಅಥವಾ ಹೊತ್ತು ಹೆಚ್ಚಿಸಿ. ಎಲೆ ಮೇಲ್ಭಾಗದಲ್ಲಿ ಬಿಳಿಚಿಕೊಂಡು ಗರಿಗರಿಯಾದರೆ ಬೆಳಕು ಅತಿಯಾಯಿತು. 16 ಗಂಟೆಗಿಂತ ಹೆಚ್ಚು ಉರಿಸಬೇಡಿ. ಗಿಡಕ್ಕೂ ರಾತ್ರಿ ಬೇಕು.

ಹಂತ 5: ನೀರು, ಗಡಿಯಾರ ನೋಡಿ ಹಾಕಬೇಡಿ

'ಎಷ್ಟು ದಿನಕ್ಕೊಮ್ಮೆ ಹಾಕಬೇಕು?' ಎಂಬ ಪ್ರಶ್ನೆಗೆ ಉತ್ತರವಿಲ್ಲ. ಕುಂಡದ ಗಾತ್ರ, ಮಣ್ಣು, ಬೆಳಕು, ಕೋಣೆಯ ಬಿಸಿ ಎಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಪರೀಕ್ಷೆ ದಿನಾ ಮಾಡಿ, ನೀರು ಬೇಕಾದಾಗ ಮಾತ್ರ ಹಾಕಿ.

ಪರೀಕ್ಷೆಗೆ ಆ ಮರದ ಕಡ್ಡಿ. ಕಾಂಡದಿಂದ ಸ್ವಲ್ಪ ದೂರ, ಕುಂಡದ ಅರ್ಧ ಆಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿ ಕಪ್ಪಾಗಿ, ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಬಣ್ಣ ತುಸುವೇ ಬದಲಾಗಿದ್ದು, ಕೆನ್ನೆಗೆ ತಾಗಿಸಿದಾಗ ತಂಪು ಇದೆಯೋ ಇಲ್ಲವೋ ಅನ್ನುವಷ್ಟಿದ್ದರೆ ಹಾಕುವ ಹೊತ್ತು. ಪೂರ್ತಿ ಒಣಗಿ ಬಂದರೆ ತಡವಾಗಿದೆ. ಜೇಡ್‌ಗೆ ಮಾತ್ರ ಅದೇ ಸರಿ. ಕೆಲವು ವಾರದಲ್ಲಿ ಕುಂಡ ಎತ್ತಿದ ಕೂಡಲೇ ಭಾರದಿಂದಲೇ ತಿಳಿಯತೊಡಗುತ್ತದೆ, ಆಗ ಕಡ್ಡಿಯ ಅಗತ್ಯ ಇರುವುದಿಲ್ಲ.

ಹಾಕುವಾಗ ಜಿಪುಣತನ ಮಾಡಬೇಡಿ. ಅಡಿಯ ತೂತಿನಿಂದ ಧಾರಾಳವಾಗಿ ಇಳಿಯುವವರೆಗೆ ಹಾಕಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಹಾಕಿ. ದಿನಾ ಒಂದೊಂದು ಚಮಚ ಹಾಕುವ ಅಭ್ಯಾಸ ಇದೆಯಲ್ಲ, ಅದು ಅತ್ತ ಮೇಲಿನ ಪದರವನ್ನು ಸದಾ ಒದ್ದೆ ಇಡುತ್ತದೆ, ಇತ್ತ ಅಡಿಯ ಬೇರನ್ನು ಒಣಗಿಸುತ್ತದೆ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ನಲ್ಲಿಯಿಂದ ಬರುವ ಕೊರೆಯುವ ನೀರು ಬೇಡ. ಕೋಣೆಯಲ್ಲಿ ಇಟ್ಟು ತಣುಪು ಬಿಟ್ಟ ನೀರು ಹಾಕಿ.

ಮಣ್ಣಿನ ಬಗ್ಗೆ ಒಂದು ಮಾತು. ಅಕಡಾಮಾ, ಪ್ಯೂಮಿಸ್, ಲಾವಾ ಕಲ್ಲಿನಂಥ ಹರಳು ಮಿಶ್ರಣದಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಹರಳುಗಳ ನಡುವೆ ಗಾಳಿ ಉಳಿಯುತ್ತದೆ. ಅಕಡಾಮಾ ಅಂದರೆ ಜಪಾನಿನಿಂದ ಬರುವ, ಒಣಗಿಸಿದ ಹರಳು ಜೇಡಿಮಣ್ಣು. ಅಂಗಡಿ ಗಿಡಗಳು ಹೆಚ್ಚಾಗಿ ಪೀಟ್ ಮಣ್ಣಿನಲ್ಲಿ, ಅಂದರೆ ಜೌಗಿನಲ್ಲಿ ಅರೆಕೊಳೆತ ಪಾಚಿಯಿಂದಾದ ಮಣ್ಣಿನಲ್ಲಿ, ಇರುತ್ತವೆ. ಅದು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಒಮ್ಮೆ ಪೂರ್ತಿ ಒಣಗಿತೋ, ಮತ್ತೆ ನೀರೇ ಕುಡಿಯುವುದಿಲ್ಲ, ಹಾಕಿದ್ದೆಲ್ಲ ಕುಂಡದ ಅಂಚಿನಿಂದ ಇಳಿದುಹೋಗುತ್ತದೆ. ಹಾಗಾದಾಗ ಕುಂಡವನ್ನು ಒಂದು ಬಕೆಟ್ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಮುಳುಗಿಸಿ ತೆಗೆಯಿರಿ. ಮಣ್ಣು ಬದಲಿಸಬೇಕು ಅನಿಸಿದರೂ ಈಗ ಬೇಡ, ಬೇಸಿಗೆವರೆಗೆ ಕಾಯಿರಿ.

ಹಂತ 6: ಒಣಗಾಳಿ

ಹೊರಗಿನ ಗಾಳಿ 0 ಡಿಗ್ರಿಯಲ್ಲಿ, ಶೇಕಡ 80 ತೇವಾಂಶದಲ್ಲಿ ಇದೆ ಅಂದುಕೊಳ್ಳಿ. ಅದೇ ಗಾಳಿ ಮನೆಯೊಳಗೆ ಬಂದು 22 ಡಿಗ್ರಿಗೆ ಕಾದರೆ ತೇವಾಂಶ ಶೇಕಡ 20ಕ್ಕಿಂತ ಕೆಳಗಿಳಿಯುತ್ತದೆ. ನೀರು ಅಷ್ಟೇ ಇದೆ, ಬಿಸಿಗಾಳಿ ಹಿಡಿಯಬಲ್ಲ ಪ್ರಮಾಣ ಹೆಚ್ಚಾಯಿತು ಅಷ್ಟೇ. ನಮ್ಮ ತುಟಿ ಒಡೆಯುವುದಕ್ಕೂ ಇದೇ ಕಾರಣ. ಉಷ್ಣವಲಯದ ಮರಗಳಿಗೆ ಶೇಕಡ 40ರಿಂದ 60 ಹಿತ.

ಸ್ಪ್ರೇ ಮಾಡಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. ಎಲೆ ಮೇಲಿನ ಹನಿ ಆರಿದ ಮೇಲೆ ಗಾಳಿ ಮೊದಲಿನಂತೆಯೇ. ಬೆಣಚುಕಲ್ಲು ಮತ್ತು ನೀರು ತುಂಬಿದ ತಟ್ಟೆಯ ಪರಿಣಾಮವೂ ಬಹಳ ಕಡಿಮೆ, ಇಳಿದ ನೀರನ್ನು ಹಿಡಿಯಲು ಮಾತ್ರ ಒಳ್ಳೆಯದು. ಕುಂಡದ ಅಡಿ ಆ ನೀರಿಗೆ ತಾಗದಿರಲಿ. ನಿಜವಾಗಿ ಕೆಲಸ ಮಾಡುವುದು ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಬಿಡುವ ಯಂತ್ರ. ಗಿಡಗಳನ್ನೆಲ್ಲ ಒಂದೇ ಕಡೆ ಗುಂಪಾಗಿ ಇಟ್ಟರೂ ಸ್ವಲ್ಪ ಉಪಯೋಗವಿದೆ.

ತೀರಾ ಸೊರಗಿದ ಚಿಕ್ಕ ಗಿಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಹೊದಿಸುವುದು ಹಳೆಯ ಉಪಾಯ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ ಪತಂಗದ ಕೋಶವೊಂದನ್ನು ಮುಚ್ಚಿದ ಬಾಟಲಿಯಲ್ಲಿ ಇಟ್ಟಿದ್ದಾಗ, ಅದರೊಳಗಿನ ಮಣ್ಣಿನಲ್ಲಿ ಜರೀಗಿಡ ತಾನಾಗಿ ಹುಟ್ಟಿ ಬೆಳೆಯಿತು. ಆವಿಯಾದ ನೀರು ಗಾಜಿಗೆ ಕಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಚೀಲದೊಳಗೂ ಅದೇ ನಡೆಯುತ್ತದೆ. ಆದರೆ ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ನೇರ ಬಿಸಿಲಿನಲ್ಲಂತೂ ಇಡಲೇಬೇಡಿ, ಗಿಡ ಒಳಗೇ ಬೆಂದುಹೋಗುತ್ತದೆ.

ಹಂತ 7: ಎಲೆ ಉದುರಿದರೆ ಗಾಬರಿ ಬೇಡ

ಒಳಗೆ ಬಂದ ಮೊದಲ ಕೆಲವು ವಾರ ಫೈಕಸ್ ಎಲೆ ಉದುರಿಸುವುದು ಸಾಮಾನ್ಯ. ಬಿಸಿಲಿಗೆ ಬೆಳೆದ ಎಲೆಯನ್ನು ಬಿಟ್ಟು, ಕಡಿಮೆ ಬೆಳಕಿಗೆ ತಕ್ಕ ಎಲೆ ತಯಾರು ಮಾಡಿಕೊಳ್ಳುತ್ತದೆ. ಆಗ ನೀರು ಕಡಿಮೆ ಮಾಡಿ, ಏಕೆಂದರೆ ಎಲೆ ಕಡಿಮೆಯಾದಷ್ಟೂ ಕುಡಿಯುವುದೂ ಕಡಿಮೆ. ಗೊಬ್ಬರ ಹಾಕಬೇಡಿ, ಜಾಗ ಬದಲಿಸಬೇಡಿ.

ಬದುಕಿದೆಯೋ ಇಲ್ಲವೋ ಎಂದು ಸಂಶಯವಾದರೆ ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಿಂದ ಒಂಚೂರು ಕೆರೆಯಿರಿ. ಕೆಳಗೆ ಹಸಿರು, ಪಸೆ ಕಂಡರೆ ಜೀವವಿದೆ. ಕಂದಾಗಿ ಒಣಗಿದ್ದರೆ ಆ ಕೊಂಬೆ ಹೋಗಿದೆ. ಇನ್ನೂ ಕೆಳಗೆ, ಕಾಂಡದ ಕಡೆಗೆ ಕೆರೆದು ನೋಡುತ್ತಾ ಬನ್ನಿ. ಕಾಂಡವೇ ಮೆತ್ತಗಾಗಿ, ಮಣ್ಣು ಕೊಳೆತ ವಾಸನೆ ಬರುತ್ತಿದ್ದರೆ ಬೇರು ಕೊಳೆತಿದೆ. 'ಚಳಿಗಾಲದಲ್ಲಿ ಕುಂಡ ಬಿಚ್ಚಬೇಡಿ' ಎಂಬ ನಿಯಮವನ್ನು ಮುರಿಯಬಹುದಾದ ಸಂದರ್ಭ ಇದೊಂದೇ. ಕಪ್ಪಾಗಿ ಲೊಳೆಯಾದ ಬೇರು ಕತ್ತರಿಸಿ, ಹರಳು ಮಣ್ಣಿಗೆ ಹಾಕಿ, ಬೆಚ್ಚಗಿರುವ, ಬೆಳಕಿರುವ ಜಾಗದಲ್ಲಿ ಇಡಿ.

ಹಂತ 8: ಹುಳದ ಮೇಲೆ ಕಣ್ಣಿಡಿ

ಬೆಚ್ಚಗಿನ ಒಣಗಾಳಿ ಅಂದರೆ ಜೇಡನುಸಿಗೆ ಹಬ್ಬ. ಬರಿಗಣ್ಣಿಗೆ ಕಾಣುವುದೇ ಕಷ್ಟ. ಎಲೆ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಹಳದಿ ಚುಕ್ಕಿಗಳು ಕಂಡರೆ, ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆಯನ್ನು ಎರಡು ಸಲ ತಟ್ಟಿ. ಕಾಗದದ ಮೇಲೆ ಧೂಳಿನಂತೆ ಏನೋ ಬೀಳುತ್ತದೆ. ಅರ್ಧ ನಿಮಿಷ ಸುಮ್ಮನೆ ನೋಡಿ. ಧೂಳು ನಡೆಯತೊಡಗಿದರೆ ಅದೇ ನುಸಿ.

ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಗುಪ್ಪೆ ಇದ್ದರೆ ಹಿಟ್ಟುತಿಗಣೆ. ಕಾಂಡಕ್ಕೆ, ಎಲೆಯ ನಡುನರಕ್ಕೆ ಕಂದು ಹುರುಪೆ ಅಂಟಿಕೊಂಡು, ಉಗುರು ಹಾಕಿದರೆ ಎದ್ದುಬಂದರೆ ಶಲ್ಕಕೀಟ. ಎಲೆ, ಕಿಟಕಿಯ ಕಟ್ಟೆ ಅಂಟಂಟಾಗಿದ್ದರೂ ಇವುಗಳದ್ದೇ ಕೆಲಸ ಇರಬಹುದು.

ನುಸಿಗೆ ಮೊದಲ ಮದ್ದು ನೀರು. ಬಚ್ಚಲಿಗೆ ಒಯ್ದು ಎಲೆಯ ಅಡಿಭಾಗ ತೊಳೆಯಿರಿ. ಹಿಟ್ಟುತಿಗಣೆ ಮತ್ತು ಶಲ್ಕಕೀಟಕ್ಕೆ ಶೇಕಡ 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೇ ಒರೆಸಿ ತೆಗೆಯಿರಿ. ಆಮೇಲೆ ಕೀಟನಾಶಕ ಸೋಪು ಅಥವಾ ಬೇವಿನ ಎಣ್ಣೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ದೀಪ ಆರಿದ ಮೇಲೆ. ಜೇಡ್‌ನಂಥ ದಪ್ಪ ಎಲೆಗೆ ಎಣ್ಣೆ, ಸೋಪು ಆಗಿಬರದೆ ಇರಬಹುದು, ಒಂದೆರಡು ಎಲೆ ಮೇಲೆ ಮೊದಲು ಪರೀಕ್ಷಿಸಿ. ಒಂದೇ ಸಲಕ್ಕೆ ನಿಲ್ಲಿಸಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಮೊಟ್ಟೆ ಉಳಿದಿರುತ್ತದೆ. ಐದರಿಂದ ಏಳು ದಿನಕ್ಕೊಮ್ಮೆ ಮೂರ್ನಾಲ್ಕು ಸಲ ಮಾಡಿದರೆ ಮಾತ್ರ ಹತೋಟಿಗೆ ಬರುತ್ತದೆ. ಅಷ್ಟು ದಿನ ಆ ಗಿಡ ಬೇರೆಯವುಗಳಿಂದ ದೂರ ಇರಲಿ.

ಮಣ್ಣಿನಿಂದ ಏಳುವ ಸಣ್ಣ ಕಪ್ಪು ನೊಣಗಳು ದೊಡ್ಡ ಮರಕ್ಕೆ ಅಪಾಯವಲ್ಲ. ಆದರೆ ಮಣ್ಣು ಸದಾ ಒದ್ದೆ ಇದೆ ಎಂಬುದಕ್ಕೆ ಅವೇ ಸಾಕ್ಷಿ. ಹಂತ 5 ಮತ್ತೆ ಓದಿ.

ಹಂತ 9: ಗೊಬ್ಬರ, ಕತ್ತರಿ, ತಂತಿ

ದೀಪದಡಿಯಲ್ಲಿ ಹೊಸ ಚಿಗುರು ಬರುತ್ತಿದ್ದರೆ ದ್ರವ ಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ಮೂರ್ನಾಲ್ಕು ವಾರಕ್ಕೊಮ್ಮೆ ಕೊಡಿ. ಬೆಳವಣಿಗೆ ನಿಂತಿದ್ದರೆ ಬೇಡವೇ ಬೇಡ. ಉದ್ದವಾದ ಕುಡಿ ಚಿವುಟಬಹುದು, ದಪ್ಪ ಕೊಂಬೆ ಕತ್ತರಿಸುವುದು ಬೇಸಿಗೆಗೆ ಇರಲಿ. ಫೈಕಸ್ ಕತ್ತರಿಸಿದರೆ ಹಾಲು ಬರುತ್ತದೆ. ಚರ್ಮಕ್ಕೆ ತುರಿಕೆ ತರಬಹುದು. ಬೆಕ್ಕು, ನಾಯಿ ಇದ್ದರೆ ಅವು ಎಲೆ ಜಗಿಯದಂತೆ ನೋಡಿಕೊಳ್ಳಿ. ಕೊಂಬೆ ಬಗ್ಗಿಸಲು ಸುತ್ತಿದ ತಂತಿ ಇದ್ದರೆ ಆಗಾಗ ನೋಡುತ್ತಿರಿ, ತೊಗಟೆಗೆ ಕಚ್ಚಿದರೆ ಕಲೆ ವರ್ಷಗಟ್ಟಲೆ ಉಳಿಯುತ್ತದೆ. ತೆಗೆಯುವಾಗ ಬಿಚ್ಚಲು ಹೋಗಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಹಂತ 10: ಮತ್ತೆ ಹೊರಗೆ

ಚಳಿಗಾಲ ಪೂರ್ತಿ ಜೋಪಾನ ಮಾಡಿ, ಮೊದಲ ಬಿಸಿಲು ಬಂದ ದಿನವೇ ಹೊರಗಿಟ್ಟು ಸುಟ್ಟುಕೊಳ್ಳುವವರು ಬಹಳ ಮಂದಿ. ಒಳಗೆ ಹುಟ್ಟಿದ ಎಲೆ ತೆಳು, ಅದಕ್ಕೆ ನೇರ ಬಿಸಿಲಿನ ಪರಿಚಯವೇ ಇಲ್ಲ. ರಾತ್ರಿಯ ಉಷ್ಣತೆ ಸತತವಾಗಿ 12 ಡಿಗ್ರಿಗಿಂತ ಮೇಲಿರುವವರೆಗೆ ಕಾಯಿರಿ. ಮೊದಲ ಮೂರ್ನಾಲ್ಕು ದಿನ ಪೂರ್ತಿ ನೆರಳಿನಲ್ಲಿ, ಗಾಳಿ ಜೋರಾಗಿ ಬೀಸದ ಕಡೆ ಇಡಿ. ಆಮೇಲೆ ಬೆಳಗಿನ ಬಿಸಿಲು ಒಂದು ಗಂಟೆ, ಎರಡು ಗಂಟೆ. ಎರಡು ವಾರದಲ್ಲಿ ಅದರ ಬೇಸಿಗೆಯ ಜಾಗಕ್ಕೆ ಮುಟ್ಟಿಸಿ. ಈ ಹೊತ್ತಿನಲ್ಲಿ ನೀರಿನ ಲೆಕ್ಕ ಮತ್ತೆ ಬದಲಾಗುತ್ತದೆ. ಗಾಳಿ, ಬಿಸಿಲು ಎರಡೂ ಸೇರಿ ಮಣ್ಣು ಬೇಗ ಒಣಗುತ್ತದೆ, ಹಾಗಾಗಿ ಪರೀಕ್ಷೆ ದಿನಕ್ಕೆ ಎರಡು ಸಲ ಮಾಡಿ.

ಕುಂಡ ಬದಲಿಸುವುದು, ಬೇರು ಕತ್ತರಿಸುವುದು, ಚಳಿಗಾಲಪೂರ್ತಿ ಮುಂದೂಡಿದ ದಪ್ಪ ಕೊಂಬೆಯ ಕೆಲಸ, ಇವಕ್ಕೆಲ್ಲ ಇನ್ನೂ ಸ್ವಲ್ಪ ಕಾಯಬೇಕು. ಗಿಡ ಹೊರಗೆ ಒಗ್ಗಿ, ರಾತ್ರಿಗಳೂ ಬೆಚ್ಚಗಾಗಿ, ಹೊಸ ಚಿಗುರು ಜೋರಾಗಿ ಬರುವ ಬೇಸಿಗೆಯ ಮೊದಲ ಭಾಗವೇ ಉಷ್ಣವಲಯದ ಮರಗಳಿಗೆ ಅದಕ್ಕೆ ತಕ್ಕ ಕಾಲ. ಅಲ್ಲಿಯವರೆಗೆ ಹವಾಮಾನ ವರದಿ ನೋಡುತ್ತಿರಿ. ಉಷ್ಣತೆ ಮತ್ತೆ 12 ಡಿಗ್ರಿಗಿಂತ ಕೆಳಗಿಳಿಯುವ ಸೂಚನೆ ಬಂದ ರಾತ್ರಿ ಕುಂಡವನ್ನು ಒಳಗೆ ತಂದು, ಬೆಳಗ್ಗೆ ಮತ್ತೆ ಹೊರಗಿಡಿ.